ಮತಸತ್ಯ: ಸಾಪೇಕ್ಷವೋ ನಿರಪೇಕ್ಷವೋ?

ಎಲ್ಲ ಮತಗಳೂ ಹೇಳುವ ಸತ್ಯ ಒಂದೇ ಎಂಬ ಮಾತನ್ನು ಕೇಳದ ವಿದ್ಯಾರ್ಥಿಯು ನಮ್ಮ ನಾಡಿನಲ್ಲಿ ಇರಲಾರನು. ಗಣರಾಜ್ಯೋತ್ಸವದ ಭಾಷಣದಲ್ಲಿ, ಚರ್ಚಾಕೂಟದಲ್ಲಿ, ಪ್ರಬಂಧ ಸ್ಪರ್ಧೆಯಲ್ಲಿ ಅದು ತಪ್ಪದೆ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆ ಮಾತಿನ ಹಿಂದಿರುವ ಸದ್ಭಾವನೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಸದ್ಭಾವನೆ ಬೇರೆ, ವಿಚಾರ ಬೇರೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ನನ್ನನ್ನು ಈ ಮಾತು ಒಂದು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಒಪ್ಪಿದೆನೆಂದರೆ, ಭಾನುವಾರ ಚರ್ಚಿನಲ್ಲಿ ನಿಂತು ನಾನು ಹೇಳುವ ವಿಶ್ವಾಸಪ್ರಮಾಣವು ಬರಿಯ ಬಾಯಿಪಾಠವಾಗುತ್ತದೆ. ಒಪ್ಪೆನೆಂದರೆ, ಮಗ್ಗುಲಲ್ಲಿ ಕುಳಿತು ಉಣ್ಣುವ ಗೆಳೆಯನ ದೇವರನ್ನು ಸುಳ್ಳೆಂದಂತಾಗುತ್ತದೆ. ಈ ಇಕ್ಕಟ್ಟನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ. ನಾನು ಬರೆಯುತ್ತಿರುವುದು ಕ್ರೈಸ್ತನ ದೃಷ್ಟಿಯಿಂದ ಎಂಬುದನ್ನು ವಾಚಕರು ಮೊದಲೇ ತಿಳಿದಿರುವುದು ಒಳ್ಳೆಯದು.

ಮೊದಲು ಈ ಎರಡು ಪದಗಳ ಅರ್ಥ. ನಮ್ಮೂರು ಆನೇಮಹಲ್, ಸಕಲೇಶಪುರದ ಆಚೆ ಮಂಗಳೂರಿನ ದಾರಿಯಲ್ಲಿದೆ. ನನ್ನ ತಂದೆಯವರು ಅಲ್ಲಿಯ ಒಂದು ಕಾಫಿ ತೋಟದಲ್ಲಿ ರೈಟರು. ಶಿರಾಡಿ ಘಾಟಿ ಹತ್ತಿ ಬರುವ ಮಂಗಳೂರಿನ ನೆಂಟರು ಬಸ್ಸಿನಿಂದ ಇಳಿಯುತ್ತಲೇ "ಅಬ್ಬಾ, ಏನು ಚಳಿ!" ಎನ್ನುತ್ತಾರೆ, ಅದೇ ಹೊತ್ತಿನಲ್ಲಿ ನಮ್ಮ ಲೈನಿನ ಮಕ್ಕಳು ಬರಿಮೈಯಲ್ಲಿ ಆಡುತ್ತಿರುತ್ತಾರೆ. ಚಳಿಯೆಂಬುದು ಸಾಪೇಕ್ಷ, ನೆಂಟರದೂ ನಿಜ, ಮಕ್ಕಳದೂ ನಿಜ. ಆದರೆ ತಂದೆಯವರು ಬೆಳಿಗ್ಗೆ ತೋಟದ ಮಳೆಮಾಪಕವನ್ನು ನೋಡಿ ಎರಡು ಇಂಚು ಹತ್ತು ಸೆಂಟು ಎಂದು ಪುಸ್ತಕದಲ್ಲಿ ಬರೆದರೆ ಅದು ನೆಂಟರಿಗೊಂದು, ನಮಗೊಂದು ಆಗುವುದಿಲ್ಲ. ಅಳೆಯುವವನು ತಪ್ಪಬಹುದು, ಮಾಪಕ ತೂತಾಗಿರಬಹುದು. ಬಿದ್ದ ಮಳೆ ಮಾತ್ರ ಬಿದ್ದಷ್ಟೇ. ಇದನ್ನು ನಿರಪೇಕ್ಷವೆಂದು ಕರೆಯೋಣ. ಮತಗಳು ಹೇಳುವ ಸತ್ಯವು ಚಳಿಯ ಜಾತಿಯದೋ, ಇಂಚಿನ ಜಾತಿಯದೋ? ಪ್ರಶ್ನೆ ಇಷ್ಟೇ.

ಇದು ತರ್ಕಶಾಸ್ತ್ರದ ತರಗತಿಯಲ್ಲಿ ಮಾತ್ರ ಏಳುವ ಪ್ರಶ್ನೆಯಾಗಿದ್ದರೆ ನಾನು ಇದರ ಗೊಡವೆಗೆ ಹೋಗುತ್ತಿರಲಿಲ್ಲ. ವಿದ್ಯಾರ್ಥಿನಿಲಯದಲ್ಲಿ ನನ್ನ ಕೋಣೆಯಲ್ಲಿರುವ ಗೆಳೆಯನು ಬೇಲೂರಿನ ಕಡೆಯವನು. ಕಳೆದ ವರ್ಷ ಅವನ ಅಜ್ಜಿ ತೀರಿಕೊಂಡರು. ಕರ್ಮಾಂತರ ಮುಗಿಸಿಕೊಂಡು ಬಂದ ದಿನ ರಾತ್ರಿ ಅವನು ನನ್ನನ್ನು ಕೇಳಿದನು: "ಅಲ್ಲ ಮಾರಾಯ, ಯೇಸುವೊಬ್ಬನೇ ದಾರಿ ಅಂತೀರಲ್ಲ, ಹಾಗಾದ್ರೆ ನಮ್ಮಜ್ಜಿ ಎಲ್ಲಿಗೆ ಹೋದ್ಲು ಅಂತ ನಿಮ್ಮ ಲೆಕ್ಕ?" ಅವನು ಜಗಳಕ್ಕಾಗಿ ಕೇಳಿದ್ದಲ್ಲ. ಆ ಅಜ್ಜಿಯ ಕೈಯ ಕಡುಬನ್ನು ನಾನೂ ಉಂಡಿದ್ದೇನೆ. ಉತ್ತರವನ್ನು ಕೊಡಲೇಬೇಕಾದ ಪ್ರಶ್ನೆ ಅದು.

ಸಾಪೇಕ್ಷವಾದಿಗಳ ಬತ್ತಳಿಕೆಯಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದ ಬಾಣವೆಂದರೆ ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆ. ಹೆಸರಿನಲ್ಲಿಯೇ ಆನೆಯಿರುವ ಊರಿನವನಾದ ನಾನು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ! ಕಾಲು ಮುಟ್ಟಿದವನು ಕಂಬವೆಂದನು, ಕಿವಿ ಮುಟ್ಟಿದವನು ಮೊರವೆಂದನು. ಎಲ್ಲರದೂ ಅರ್ಧಸತ್ಯ, ಆದ್ದರಿಂದ ಮತಗಳು ಜಗಳವಾಡಬಾರದು ಎಂದು ಉಪನ್ಯಾಸಕಾರರು ಮುಗಿಸುತ್ತಾರೆ. ಈ ಕಥೆಯ ಬಹು ಹಳೆಯ ರೂಪವೊಂದು ಬೌದ್ಧರ ಉದಾನವೆಂಬ ಪಾಲಿ ಗ್ರಂಥದಲ್ಲಿದೆ. ಅಲ್ಲಿ ಶ್ರಾವಸ್ತಿಯ ಅರಸನೊಬ್ಬನು ಹುಟ್ಟುಕುರುಡರನ್ನು ಸೇರಿಸಿ ಆನೆಯನ್ನು ಮುಟ್ಟಿಸುತ್ತಾನೆ. ಅವರು ಹೊಡೆದಾಡುವುದನ್ನು ಕಂಡು ಸಂತೋಷಪಡುತ್ತಾನೆ. ಅರಸನು ಸಂತೋಷಪಡಲು ಕಾರಣವೇನು? ಅವನಿಗೆ ಕಣ್ಣುಂಟು. ಇಡೀ ಆನೆ ಅವನಿಗೆ ಕಾಣುತ್ತದೆ. ಮದರಾಸಿನಲ್ಲಿ ಬಿಷಪ್ಪರಾಗಿದ್ದ ಲೆಸ್ಲಿ ನ್ಯೂಬಿಗಿನ್ನರು ಎತ್ತಿ ತೋರಿಸಿದ್ದು ಈ ಅಂಶವನ್ನೇ. ಎಲ್ಲ ಮತಗಳೂ ಕುರುಡರೆಂದು ಹೇಳುವವನು ತನ್ನನ್ನು ಆ ಕುರುಡರ ಸಾಲಿನಲ್ಲಿ ಎಣಿಸಿಕೊಳ್ಳುವುದಿಲ್ಲ. ಅರಸನ ಸಿಂಹಾಸನದ ಮೇಲೆ ಕುಳಿತು ಮಾತನಾಡುತ್ತಾನೆ. ಮತಗಳೆಲ್ಲ ಸಾಪೇಕ್ಷವೆಂಬ ಅವನ ಮಾತು ಮಾತ್ರ ನಿರಪೇಕ್ಷ! ವಿನಯದ ವೇಷ ತೊಟ್ಟ ಈ ಅಧಿಕಾರವನ್ನು ನಾವು ಗುರುತಿಸಬೇಕು.

ಸಕಲೇಶಪುರ ಆಲೂರು ಸೀಮೆಯವರಾದ ನಮಗೆ ಆನೆಯ ಪರಿಚಯ ಕಥೆಯಿಂದ ಆದುದಲ್ಲ. ರಾತ್ರಿ ಅದು ಬಂದುಹೋದಾಗ ಇಡೀ ಆನೆಯನ್ನು ಕಂಡವರು ಕಡಮೆ. ಒಬ್ಬನು ಬಗನೆ ಮರ ಮುರಿದ ಸದ್ದು ಕೇಳಿರುತ್ತಾನೆ, ಇನ್ನೊಬ್ಬನು ಬೆಳಿಗ್ಗೆ ಗದ್ದೆಯಲ್ಲಿ ಹೆಜ್ಜೆ ನೋಡುತ್ತಾನೆ, ಮತ್ತೊಬ್ಬನು ಕಣದ ಹತ್ತಿರ ಲದ್ದಿ ಕಾಣುತ್ತಾನೆ. ಒಂಟಿಯೋ ಹಿಂಡೋ ಎಂದು ವಾದವೂ ಆಗುತ್ತದೆ. ಆದರೆ ಆನೆಯೆಂಬುದು ನೋಡುವವನ ಮನೋಧರ್ಮವೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹಾಗೆಂದವನು ಕತ್ತಲಾದ ಮೇಲೆ ತೋಟದೊಳಗೆ ಒಬ್ಬನೇ ನಡೆದು ತೋರಿಸಲಿ. ಅರಿವು ತುಂಡುತುಂಡಾಗಿರುವುದೊಂದು, ಅರಿಯಬೇಕಾದ ವಸ್ತುವೇ ತುಂಡಾಗಿರುವುದು ಇನ್ನೊಂದು. ಇವೆರಡನ್ನು ಬೆರಸುವುದರಿಂದ ಈ ಚರ್ಚೆಯಲ್ಲಿ ಅರ್ಧಕ್ಕರ್ಧ ಗೊಂದಲ ಹುಟ್ಟುತ್ತದೆ ಎಂದು ನನ್ನ ಅಭಿಪ್ರಾಯ.

ಈ ವಿವೇಕವು ಕ್ರೈಸ್ತರ ಸ್ವತ್ತೇನೂ ಅಲ್ಲ. ನಮ್ಮ ಹಾಸನ ಜಿಲ್ಲೆಯ ಶ್ರವಣಬೆಳಗೊಳದವರಾದ ಜೈನರು ಇದನ್ನು ನಮಗಿಂತ ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ವಸ್ತುವಿಗೆ ಅನಂತ ಧರ್ಮಗಳುಂಟು, ಒಂದೊಂದು ಹೇಳಿಕೆಯೂ ಒಂದೊಂದು ನಯದಿಂದ ಮಾತ್ರ ಸಲ್ಲುತ್ತದೆ ಎಂಬುದು ಅವರ ಅನೇಕಾಂತವಾದ. ಆದುದರಿಂದಲೇ ಪ್ರತಿ ಮಾತಿಗೂ "ಸ್ಯಾತ್", ಎಂದರೆ "ಒಂದು ದೃಷ್ಟಿಯಿಂದ", ಎಂಬ ಕಟ್ಟು ಹಾಕುತ್ತಾರೆ. ಇದನ್ನು ಕೇಳಿ ಜೈನಮತವು ಸಾಪೇಕ್ಷವಾದವೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಒಂದೇ ನಯವನ್ನು ಪೂರ್ಣಸತ್ಯವೆಂದು ಹಿಡಿಯುವ ಏಕಾಂತವು ಜೈನರಿಗೆ ತಪ್ಪೇ, ಮತ್ತೊಂದು ಬಗೆಯ ಸತ್ಯವಲ್ಲ. ಮೇಲಾಗಿ, ಎಲ್ಲವನ್ನೂ ಒಮ್ಮೆಗೇ ಅರಿತ ಕೇವಲಜ್ಞಾನಿಯನ್ನು ಅವರು ಒಪ್ಪುತ್ತಾರೆ. ಅಂದರೆ ಅಲ್ಲಿಯೂ ಕಣ್ಣುಳ್ಳವನೊಬ್ಬನಿದ್ದಾನೆ.

ಶ್ರವಣಬೆಳಗೊಳದಲ್ಲಿಯೇ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಸರ್ವಮತ ಸಮಭಾವಕ್ಕೆ ಸಾಕ್ಷಿಯಾಗಿ ಇದನ್ನು ಎಲ್ಲರೂ ಉದಾಹರಿಸುತ್ತಾರೆ. ಶಾಸನದ ವಿಷಯವನ್ನು ನೋಡಿದರೆ ಅರಸನು ಇತ್ಯರ್ಥಪಡಿಸಿದ್ದು ಪಂಚಮಹಾವಾದ್ಯ, ಕಲಶ ಮೊದಲಾದ ಹಕ್ಕುಗಳನ್ನು, ಜೈನರ ರಕ್ಷಣೆಯನ್ನು. ಜೀವ ಎಂದರೇನು, ಜಗತ್ಕರ್ತನಿದ್ದಾನೆಯೇ ಎಂಬುದನ್ನು ಅವನು ತೀರ್ಮಾನಿಸಲಿಲ್ಲ. ಅದು ಅರಸನ ಕೆಲಸವೂ ಅಲ್ಲ. ಈ ಹೊತ್ತು ನಮ್ಮ ಸಂವಿಧಾನದ 25ನೆಯ ವಿಧಿಯು ಅಂತಃಕರಣದ ಸ್ವಾತಂತ್ರ್ಯವನ್ನೂ, ಮತವನ್ನು ಅವಲಂಬಿಸುವ, ಆಚರಿಸುವ, ಪ್ರಚಾರಮಾಡುವ ಹಕ್ಕನ್ನೂ ಎಲ್ಲರಿಗೂ ಸಮನಾಗಿ ಕೊಟ್ಟಿದೆ. ಪ್ರಜೆಗಳು ಸಮಾನರೆಂದು ಇದರ ಅರ್ಥ. ಅವರ ಅಭಿಪ್ರಾಯಗಳೆಲ್ಲ ಸಮನಾಗಿ ನಿಜವೆಂದು ಯಾವ ಸಂವಿಧಾನವೂ ಹೇಳಲಾರದು.

ಇನ್ನು ಕ್ರೈಸ್ತಮತದ ಮಾತಿಗೆ ಬರೋಣ. ಅದರಲ್ಲಿ ಸಾಪೇಕ್ಷವಾದುದು ಬೇಕಾದಷ್ಟಿದೆ. ಸಕಲೇಶಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿಯು ಕೆಳಗೆ ಗೊರೂರಿನ ಜಲಾಶಯವನ್ನು ಸೇರುತ್ತದೆಯಷ್ಟೆ. ಆ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ನಿಂತಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ತಮ್ಮ ದೇಶದ ಗಾಥಿಕ್ ಮಾದರಿಯಲ್ಲಿ ಕಟ್ಟಿಸಿದ ದೇವಾಲಯವದು. ಅಣೆಕಟ್ಟು ಆದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುವುದು, ಬೇಸಗೆಯಲ್ಲಿ ಏಳುವುದು ನಡೆದೇ ಇದೆ. ಊರಿನವರು ಬೇರೆಡೆ ನೆಲಸಿ ಬೇರೆ ಚರ್ಚಿನಲ್ಲಿ ಪ್ರಾರ್ಥಿಸುತ್ತಾರೆ. ಕಮಾನು ಮುಳುಗಿದರೆ ಮತ ಮುಳುಗಲಿಲ್ಲ. ಹಾಗೆಯೇ ಕಥೋಲಿಕರ ಬಲಿಪೂಜೆಯು 1960ರ ದಶಕದ ಸುಧಾರಣೆಯವರೆಗೂ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಈಗ ಕನ್ನಡದಲ್ಲಿ ನಡೆಯುತ್ತಿದೆ. ನಮ್ಮ ಬೈಬಲ್ಲಿನ ಕನ್ನಡ ಹೆಸರನ್ನೇ ನೋಡಿ: "ಸತ್ಯವೇದವು". ಸತ್ಯವೆಂಬ ಗಟ್ಟಿ ಪ್ರತಿಜ್ಞೆ ಅದರಲ್ಲಿದೆ. ಆದರೆ ಆ ಪ್ರತಿಜ್ಞೆಯನ್ನು ಮಾಡಲು ನೆರೆಮನೆಯಿಂದ ವೇದವೆಂಬ ಶಬ್ದವನ್ನು ಎರವಲು ತರಬೇಕಾಯಿತು. ಕಟ್ಟಡ, ಭಾಷೆ, ರಾಗ, ಉಡುಪು, ಉಪವಾಸದ ಕ್ರಮ, ಇವೆಲ್ಲವೂ ದೇಶಕಾಲಗಳಿಗೆ ಒಳಪಟ್ಟವು. ಇವನ್ನೇ ನಿರಪೇಕ್ಷವೆಂದು ಹಿಡಿದು ಕುಳಿತ ಪಾದ್ರಿಗಳಿಂದ ಈ ದೇಶದಲ್ಲಿ ಕ್ರಿಸ್ತನಿಗೆ ಆದ ಅಪಚಾರವು ಅಲ್ಪವಲ್ಲ.

ಆದರೆ ಸುಲಿಯುತ್ತಾ ಹೋದರೆ ಈರುಳ್ಳಿಯಂತೆ ಕೊನೆಗೆ ಏನೂ ಉಳಿಯುವುದಿಲ್ಲವೇ? ಉಳಿಯುತ್ತದೆ. ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿಯ ಕಾಲದಲ್ಲಿ ಯೇಸುವೆಂಬ ಒಬ್ಬ ಮನುಷ್ಯನನ್ನು ಯೆರೂಸಲೇಮಿನ ಹೊರಗೆ ಶಿಲುಬೆಗೆ ಹಾಕಿದರು, ದೇವರು ಅವನನ್ನು ಎಬ್ಬಿಸಿದನು ಎಂಬುದು ನಮ್ಮ ವಿಶ್ವಾಸದ ತಿರುಳು. ಇದು ಒಂದು ಕಾಲದಲ್ಲಿ, ಒಂದು ಸ್ಥಳದಲ್ಲಿ ನಡೆಯಿತೆಂದು ಹೇಳುವ ಸಂಗತಿ. ಮುಸಲ್ಮಾನ ಬಂಧುಗಳು ಯೇಸುವನ್ನು ಪ್ರವಾದಿಯೆಂದು ಗೌರವಿಸುವರಾದರೂ, ಕುರಾನಿನ 4ನೆಯ ಅಧ್ಯಾಯವನ್ನು ಅನುಸರಿಸಿ, ಅವನು ಶಿಲುಬೆಯ ಮೇಲೆ ಸಾಯಲಿಲ್ಲವೆನ್ನುತ್ತಾರೆ. ಸತ್ತನು ಎಂಬುದೂ ಸಾಯಲಿಲ್ಲ ಎಂಬುದೂ ಒಂದೇ ಅರ್ಥದಲ್ಲಿ ನಿಜವಾಗಲಾರವು. ಎರಡೂ ಒಂದೇ ಎಂದು ಚಪ್ಪಾಳೆ ಗಿಟ್ಟಿಸುವವನು ಇಬ್ಬರ ಮಾತನ್ನೂ ಕೇಳಿಸಿಕೊಂಡಿಲ್ಲವೆಂದೇ ನಾನು ತಿಳಿಯುತ್ತೇನೆ. ಇದು ಇಂಚಿನ ಜಾತಿಯ ಮಾತು, ಚಳಿಯ ಜಾತಿಯದಲ್ಲ.

ಇಲ್ಲಿ ನಮ್ಮ ಕನ್ನಡ ನಾಡಿನವರೇ ಆದ ಒಬ್ಬ ಹಿರಿಯರನ್ನು ನೆನೆಯಬೇಕು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು ಮಂಗಳೂರಿನ ದೇವಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿ, ಆಮೇಲೆ ಸೆರಾಂಪುರದಲ್ಲಿಯೂ ಪ್ರಾಂಶುಪಾಲರಾಗಿ ಕೆಲಸಮಾಡಿ, ಜಿನೀವಾದಲ್ಲಿರುವ ಚರ್ಚುಗಳ ಜಾಗತಿಕ ಮಂಡಳಿಯಲ್ಲಿ ಅನ್ಯಮತೀಯರೊಡನೆ ಸಂವಾದ ನಡೆಸುವ ವಿಭಾಗಕ್ಕೆ 1971ರಲ್ಲಿ ಮೊದಲ ನಿರ್ದೇಶಕರಾದರು, 2001ರಲ್ಲಿ ತೀರಿಕೊಂಡರು. 1991ರ ತಮ್ಮ ಗ್ರಂಥದಲ್ಲಿ ಅವರು ಕೊಟ್ಟ ಉಪಮೆಯೊಂದು ನನಗೆ ಬಹಳ ಹಿಡಿಸಿದೆ. ಮೇಲಿನಿಂದ ಹೆಲಿಕಾಪ್ಟರಿನಂತೆ ಇಳಿಯುವ ಕ್ರಿಸ್ತತತ್ತ್ವವು ಎಬ್ಬಿಸುವ ಗದ್ದಲ ಮತ್ತು ಧೂಳಿನಲ್ಲಿ ಇಳಿದುಬಂದ ದೇವರು ಯಾರಿಗೂ ಕಾಣುವುದಿಲ್ಲ. ಏಷ್ಯಾದ ಮಣ್ಣಿನ ದಾರಿಯಲ್ಲಿ ಚಕ್ರ ಊರಿ ಸಾಗುವ ಎತ್ತಿನ ಗಾಡಿಯಂಥ ಕ್ರಿಸ್ತತತ್ತ್ವ ನಮಗೆ ಬೇಕು ಎಂಬುದು ಅದರ ಭಾವ. ಎಷ್ಟು ಸೊಗಸಾದ ಮಾತು! ದೇವರೆಂಬ ರಹಸ್ಯವು ಯಾವ ಒಂದು ಮತದ ಉಕ್ತಿಯಲ್ಲಿಯೂ ಮುಗಿದುಹೋಗುವುದಿಲ್ಲ, ಯೇಸುವಿನಲ್ಲಿ ದೈವತ್ವವಿದೆಯೆಂದು ಸಾರುವುದೂ ದೇವರೆಲ್ಲ ಯೇಸುವಿನೊಳಗೇ ತೀರಿತೆನ್ನುವುದೂ ಬೇರೆಬೇರೆ ಎಂದು ಅವರ ವಾದ. ಇಂಗ್ಲೆಂಡಿನ ಜಾನ್ ಹಿಕ್ಕರು 1970ರ ದಶಕದಲ್ಲಿ ಇನ್ನೂ ಮುಂದೆ ಹೋಗಿ, ಕ್ರೈಸ್ತಮತವು ಸೂರ್ಯನಲ್ಲ, ದೇವರೆಂಬ ಸೂರ್ಯನನ್ನು ಸುತ್ತುವ ಗ್ರಹಗಳಲ್ಲಿ ಒಂದು ಎಂದರು. ಹಿಕ್ಕರಿಗೆ ನನ್ನ ಉತ್ತರ ಸರಳ: ಸೌರವ್ಯೂಹವನ್ನೆಲ್ಲ ಹೊರಗಿನಿಂದ ನೋಡಿದವರಾರು? ಮತ್ತೆ ಅದೇ ಅರಸನ ಸಿಂಹಾಸನ. ಸಮರ್ಥರಿಗೆ ಇಷ್ಟು ಸುಲಭವಾಗಿ ಉತ್ತರ ಹೇಳಲಾಗದು. ಅವರು ಗಾಡಿಯ ಮೇಲೆ ಕುಳಿತು, ನೆರೆಯವರ ನಡುವೆ ನಿಂತು ಮಾತನಾಡಿದವರು. ಆದರೂ ನನ್ನದೊಂದು ಸಂದೇಹ. ಎತ್ತಿನ ಗಾಡಿಯೇನೋ ಸರಿ. ಗಾಡಿಯಲ್ಲಿ ಬಂದವರು ಯಾರು ಎಂದು ಕೇಳಿದರೆ ಖಚಿತವಾದ ಉತ್ತರ ಬೇಕಲ್ಲವೇ? ರಹಸ್ಯವೆಂಬ ಪದವು ಆ ಉತ್ತರವನ್ನು ಮುಂದೂಡುವಂತೆ ನನಗೆ ತೋರುತ್ತದೆ.

ಹಾಗಾದರೆ ಕ್ರೈಸ್ತನು ಸತ್ಯವನ್ನು ಗುತ್ತಿಗೆ ಹಿಡಿದವನೇ? ಇಲ್ಲ, ಇದಕ್ಕೆ ಕಾರಣ ಸುವಾರ್ತೆಯಲ್ಲಿಯೇ ಇದೆ. ಯೋಹಾನನ ಸುವಾರ್ತೆಯ ಪ್ರಕಾರ ಪಿಲಾತನು ಸತ್ಯವೆಂದರೇನೆಂದು ಯೇಸುವನ್ನು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದನು. ಅವನು ಒಂದು ಸೂತ್ರವನ್ನು ನಿರೀಕ್ಷಿಸಿದ್ದಿರಬಹುದು. ಅದೇ ಗ್ರಂಥದ 14ನೆಯ ಅಧ್ಯಾಯದಲ್ಲಿ ಯೇಸುವು ಸತ್ಯವು ತಾನೇ ಎಂದಿದ್ದಾನೆ. ಎಂದರೆ ಕ್ರೈಸ್ತರ ಪಾಲಿಗೆ ಕಟ್ಟಕಡೆಯ ಸತ್ಯವು ಒಂದು ವಾಕ್ಯವಲ್ಲ, ಒಬ್ಬ ವ್ಯಕ್ತಿ. ಹೀಬ್ರೂ ಭಾಷೆಯಲ್ಲಿ ಸತ್ಯಕ್ಕೆ ಎಮೆತ್ ಎನ್ನುತ್ತಾರೆ. ಅಲುಗದಿರುವುದು, ನಂಬಿಕೆಗೆ ಅರ್ಹವಾದುದು ಎಂದು ಅದರ ಧ್ವನಿ. ನಾವು ಒಬ್ಬನನ್ನು ನಂಬಿಕಸ್ತನೆನ್ನುವಾಗ ಅವನ ಬಗೆಗೆ ಎಲ್ಲವೂ ಗೊತ್ತೆಂದು ಹೇಳುವುದಿಲ್ಲ. ವಾಕ್ಯವನ್ನು ಬರೆದು ಜೇಬಿನಲ್ಲಿಟ್ಟುಕೊಳ್ಳಬಹುದು. ವ್ಯಕ್ತಿಯನ್ನು ಹಾಗೆ ಇಟ್ಟುಕೊಳ್ಳಲಾಗದು. ಆತನು ನನ್ನ ತಪ್ಪನ್ನೂ ತೋರಿಸಬಲ್ಲನು, ನಾನು ಎಣಿಸದವರ ಮನೆಯಲ್ಲಿ ಊಟಕ್ಕೂ ಕೂಡಬಲ್ಲನು. ಯೇಸುವು ತನ್ನ ಕಥೆಯಲ್ಲಿ ಮೆಚ್ಚಿದ್ದು ಸ್ವಮತದ ಯಾಜಕನನ್ನಲ್ಲ, ಪರಮತದ ಸಮಾರ್ಯನನ್ನು. ಇಸ್ರಾಯೇಲಿನಲ್ಲಿಯೇ ಕಾಣದ ನಂಬಿಕೆಯನ್ನು ಅವನು ಕಂಡದ್ದು ರೋಮಿನ ಒಬ್ಬ ಸೈನ್ಯಾಧಿಕಾರಿಯಲ್ಲಿ. ಪೌಲನಂತೂ ಈಗ ನಾವು ಕಾಣುವುದು ಕನ್ನಡಿಯಲ್ಲಿ ಮಸುಕಾಗಿ ಎಂದು ಕೊರಿಂಥದವರಿಗೆ ಬರೆದನು. 1938ರಲ್ಲಿ ಮದರಾಸಿನ ತಾಂಬರಮ್ಮಿನಲ್ಲಿ ಸೇರಿದ ಮಿಷನರಿ ಸಮ್ಮೇಲನಕ್ಕಾಗಿ ಗ್ರಂಥವನ್ನು ಬರೆದ ಹೆಂಡ್ರಿಕ್ ಕ್ರೇಮರನು ನಿರಪೇಕ್ಷವಾದಿಗಳಲ್ಲಿ ಅಗ್ರಗಣ್ಯನು. ಅವನೂ ಕೂಡ ಚರಿತ್ರೆಯಲ್ಲಿ ಕಾಣುವ ಕ್ರೈಸ್ತಮತವು ಉಳಿದ ಮತಗಳಂತೆಯೇ ದೇವರ ತೀರ್ಪಿಗೆ ಒಳಪಟ್ಟದ್ದೆಂದು ಹೇಳಿದನು. ಕ್ರಿಸ್ತನು ನಿರಪೇಕ್ಷ, ಕ್ರೈಸ್ತರು ಅಲ್ಲ.

ಕಥೋಲಿಕ ಸಭೆಯ ನುಡಿಯೂ ಕಾಲಕಾಲಕ್ಕೆ ತಿದ್ದಿಕೊಂಡು ಬಂದಿದೆ. 1442ರಲ್ಲಿ ಫ್ಲಾರೆನ್ಸಿನ ಸಭೆಯು ಚರ್ಚಿನ ಹೊರಗಿರುವವರಿಗೆ ನಿತ್ಯಜೀವವಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿತ್ತು. ಎರಡನೆಯ ವ್ಯಾಟಿಕನ್ ಸಭೆಯಾದರೋ 1964ರಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಅರಸುತ್ತ ಅಂತಃಕರಣದಂತೆ ನಡೆದರೆ ರಕ್ಷಣೆ ಹೊಂದಬಲ್ಲರೆಂದಿತು. ಮರುವರ್ಷ, ಹಿಂದೂ ಬೌದ್ಧ ಮೊದಲಾದ ಮತಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಿರಸ್ಕರಿಸುವುದಿಲ್ಲವೆಂದಿತು. 2000ದಲ್ಲಿ ರೋಮಿನಿಂದ ಬಂದ ಘೋಷಣೆಯು ಎಲ್ಲ ಮತಗಳೂ ಸಮವೆಂಬ ವಾದವನ್ನು ಖಂಡಿಸಿತು. 2019ರಲ್ಲಿ ಪೋಪ್ ಫ್ರಾನ್ಸಿಸರು ಅಲ್ ಅಜ್‌ಹರಿನ ಇಮಾಮರೊಡನೆ ಅಬುಧಾಬಿಯಲ್ಲಿ ಸಹಿಹಾಕಿದ ಪತ್ರದಲ್ಲಿ ಮತಗಳ ವೈವಿಧ್ಯವು ದೇವರ ಜ್ಞಾನಪೂರ್ಣ ಸಂಕಲ್ಪವೆಂಬ ಮಾತು ಬಂದು, ಅದು ಸಭೆಯೊಳಗೇ ವಾದವನ್ನೆಬ್ಬಿಸಿತು. ಜಗ್ಗಾಟ ಮುಗಿದಿಲ್ಲ. ಜೀವಂತ ಸಂಸ್ಥೆಯಲ್ಲಿ ಅದು ಮುಗಿಯಬೇಕಾಗಿಯೂ ಇಲ್ಲ.

ಗೆಳೆಯನ ಅಜ್ಜಿಯ ವಿಷಯಕ್ಕೆ ನಾನು ಕೊಟ್ಟ ಉತ್ತರ ಇದು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಅಲ್ಲಿ ಹಸಿದವರಿಗೆ ಅನ್ನವಿಟ್ಟವರು, ನಾವು ನಿನ್ನನ್ನು ಯಾವಾಗ ಕಂಡೆವು ಸ್ವಾಮೀ ಎಂದು ಬೆರಗಾಗುತ್ತಾರೆ. ಅವರಿಗೆ ಯಾರಿಗೆ ಇಟ್ಟೆವೆಂಬುದೇ ಗೊತ್ತಿರಲಿಲ್ಲ. ಕೂಲಿಯಾಳುಗಳಿಗೆ ಮಜ್ಜಿಗೆಯನ್ನು ಕೊಡದೆ ತಾನು ಕುಡಿಯದಿದ್ದ ಆ ಮುದುಕಿಯನ್ನು ನ್ಯಾಯಾಧಿಪತಿಯು ಏನು ಮಾಡುವನೆಂದು ತೀರ್ಮಾನಿಸುವುದು ನನ್ನ ಅಧಿಕಾರದಲ್ಲಿಲ್ಲ. ಆದರೆ ನ್ಯಾಯಾಧಿಪತಿ ಯಾರೆಂದು ನನಗೆ ಗೊತ್ತು, ಆದುದರಿಂದ ನನಗೆ ಅವರ ವಿಷಯದಲ್ಲಿ ಭಯವಿಲ್ಲ ಎಂದೆನು.

ಗೆಳೆಯನು ಸುಮ್ಮನೆ ಬಿಡಲಿಲ್ಲ. "ಅಂದ್ರೆ ಅವಳನ್ನ ಕೇಳದೇನೇ ನಿಮ್ಮ ಕಡೆ ಸೇರಿಸ್ಕೊಂಡ್ರಿ ಅನ್ನು" ಎಂದನು. ಆಕ್ಷೇಪಣೆ ನ್ಯಾಯವಾದುದೇ. ಜರ್ಮನಿಯ ಕಾರ್ಲ್ ರಾನರರು ಇಂಥವರನ್ನು ಹೆಸರಿಲ್ಲದ ಕ್ರೈಸ್ತರೆಂದು ಕರೆದಾಗಲೂ ಇದೇ ಆಕ್ಷೇಪಣೆ ಬಂದಿತ್ತು. ಆಗ ನಾನು ಅವನೂರಿನ ಶ್ಲೋಕವನ್ನೇ ಅವನಿಗೆ ನೆನಪಿಸಿದೆನು. ಬೇಲೂರಿನ ಚನ್ನಕೇಶವನೊಡನೆ ಸೇರಿಕೊಂಡಿರುವ ಆ ಪ್ರಸಿದ್ಧ ಸಂಸ್ಕೃತ ಶ್ಲೋಕದಲ್ಲಿ ಶೈವರ ಶಿವ, ವೇದಾಂತಿಗಳ ಬ್ರಹ್ಮ, ಬೌದ್ಧರ ಬುದ್ಧ, ನೈಯಾಯಿಕರ ಕರ್ತ, ಜೈನರ ಅರ್ಹಂತ, ಮೀಮಾಂಸಕರ ಕರ್ಮ ಎಲ್ಲರೂ ಬರುತ್ತಾರೆ. ಕ್ರಿಸ್ತನನ್ನೂ ಅಲ್ಲಾಹನನ್ನೂ ಸೇರಿಸಿದ ಈಚಿನ ಪಾಠವೂ ಉಂಟು. ಆದರೆ ಕೊನೆಯ ಸಾಲಿನಲ್ಲಿ ವರ ಕೊಡುವವನು ಕೇಶವನೇ. ಜೈನನನ್ನು ಕೇಳಿ ಯಾರೂ ಆ ಶ್ಲೋಕದಲ್ಲಿ ಸೇರಿಸಲಿಲ್ಲ. ಜಗತ್ತಿಗೆ ಕರ್ತನೇ ಇಲ್ಲವೆನ್ನುವ ಜೈನನು ಅದನ್ನು ಒಪ್ಪಲೂ ಆರನು. ತನ್ನ ನೆಲದ ಮೇಲೆ ನಿಂತೇ ನೆರೆಯವನನ್ನು ಒಳಗೆ ಕರೆಯುವುದು ಅದರ ರೀತಿ. ನನ್ನ ರೀತಿಯೂ ಅದೇ, ನೆಲ ಮಾತ್ರ ಬೇರೆ.

ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನೀನು ಚರ್ಚಲ್ಲಿ ಮಾಡೋ ಪ್ರಾರ್ಥನೆ ನಮ್ಮ ಕೇಶವನಿಗೇ ಸಲ್ಲುತ್ತೆ ಅಂತ ನಾನು ಅಂದ್ಕೋಬಹುದು, ನಿನಗೆ ಬೇಜಾರಿಲ್ಲ?" ಎಂದನು. ಇಲ್ಲವೆಂದೆನು, ತಪ್ಪೆಂದು ತಿಳಿಯುತ್ತೇನೆ, ಆದರೆ ಬೇಜಾರಿಲ್ಲ. ಅವನೂ ನನ್ನ ಉತ್ತರವನ್ನು ತಪ್ಪೆಂದೇ ತಿಳಿದಿದ್ದಾನೆ. ನಮ್ಮಿಬ್ಬರಲ್ಲಿ ಯಾರದು ಸರಿ ಎಂಬ ವಾದವು ಈ ವರ್ಷವೂ ಅದೇ ಕೋಣೆಯಲ್ಲಿ ನಡೆಯುತ್ತಿದೆ.